ಸೌತೆಕಾಯಿ ಸಿಪ್ಪೆಯ ಲೆಕ್ಕ

ಜೀವಕೋಶ ಎಂದೊಡನೆ ನಮಗೆ ಜೇನುಗೂಡು ನೆನಪಾಗುತ್ತದೆ. ಈ ಹೋಲಿಕೆ ಹಳೆಯದು. 1665ರಲ್ಲಿ ರಾಬರ್ಟ್ ಹುಕ್ ಬಿರಡೆಯ ಬೆಂಡಿನ ತೆಳು ಹೋಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಕಂಡ ಖಾನೆಗಳನ್ನು ಜೇನುಗೂಡಿಗೆ ಹೋಲಿಸಿ ‘ಸೆಲ್’ ಎಂದು ಕರೆದ. ನೆಹೆಮಿಯಾ ಗ್ರೂಗೆ ಗಿಡದ ತಿರುಳು ಬಿಯರಿನ ನೊರೆಯಂತೆ ಕಂಡಿತು. 1727ರಲ್ಲಿ ಸ್ಟೀಫನ್ ಹೇಲ್ಸ್ ಪಾತ್ರೆಯಲ್ಲಿ ಬಟಾಣಿ ನೆನೆಸಿ, ಮೇಲೆ ಭಾರ ಹೇರಿದ. ಉಬ್ಬಿದ ಕಾಳುಗಳು ಒಂದನ್ನೊಂದು ಒತ್ತಿ ಹಲವು ಮುಖಗಳ ಆಕಾರ ಪಡೆದವು. ಗೂಡು, ನೊರೆ, ಬಟಾಣಿ ಮೂರೂ ಸೂಚಿಸಿದ ಉತ್ತರ ಒಂದೇ: ಆಕಾರ ಬರುವುದು ಒತ್ತಾಗಿ ಜೋಡಿಸಿದ್ದರಿಂದ.

ಆದರೆ ಹುಕ್ ಕಂಡದ್ದು ಸತ್ತ ಕೋಶಗಳ ಗೋಡೆಗಳನ್ನು. ಬದುಕಿರುವ ಕೋಶ ಎರಡಾಗಿ ಒಡೆಯುತ್ತದೆ, ಬಟಾಣಿ ಒಡೆಯುವುದಿಲ್ಲ. ಈ ವ್ಯತ್ಯಾಸದ ಹಿಂದೆ ಬಿದ್ದವನು ಹಾರ್ವರ್ಡಿನ ಫ್ರೆಡರಿಕ್ ಲೂಯಿಸ್. 1928ರ ಪ್ರಬಂಧಕ್ಕಾಗಿ ಆತ ಸೌತೆಕಾಯಿಯ ಹೊರಪದರದ ಕೋಶಗಳ ಬದಿಗಳನ್ನು ಎಣಿಸಿದ. ಐದು ಮತ್ತು ಏಳು ಬದಿಯವು ಧಾರಾಳವಾಗಿದ್ದವು. ಸರಾಸರಿ ಮಾತ್ರ ಆರು. ಬದಿ ಹೆಚ್ಚಿದಷ್ಟೂ ಕೋಶ ದೊಡ್ಡದು. ಒಡೆಯುತ್ತಿದ್ದ ಕೋಶಗಳ ಸರಾಸರಿ ಸುಮಾರು ಏಳು.

ಆರೇ ಏಕೆ? ಕಾಗದದ ಮೇಲೆ ಗೀಚಿ ನೋಡಬಹುದು. ಆರು ಬದಿಯ ಕೋಶದ ನಡುವೆ, ಒಂದು ಬದಿಯಿಂದ ಎದುರು ಬದಿಗೆ ಹೊಸ ಗೋಡೆ ಎಳೆಯಿರಿ. ಗೋಡೆ ಮುಟ್ಟಿದ ಎರಡು ಬದಿಗಳು ತುಂಡಾಗಿ ನಾಲ್ಕಾಗುತ್ತವೆ. ಹೊಸ ಗೋಡೆ ಎರಡೂ ಮರಿಕೋಶಗಳಿಗೆ ಒಂದೊಂದು ಬದಿ. ಒಟ್ಟು ಹತ್ತು, ಅಂದರೆ ತಲಾ ಐದು. ಗೋಡೆಯ ತುದಿಗಳು ತಾಗಿದ ಎರಡು ನೆರೆಕೋಶಗಳಿಗೂ ಒಂದೊಂದು ಬದಿ ಹೆಚ್ಚುತ್ತದೆ. ಹೀಗೆ ಹೆಚ್ಚಿದ್ದು ಒಂದು ಕೋಶ, ಆರು ಬದಿ. ಎಷ್ಟು ಬದಿಯ ಕೋಶ ಒಡೆದರೂ ಲೆಕ್ಕ ಇದೇ. ಆದ್ದರಿಂದ ಅಂಗಾಂಶ ಬೆಳೆದಷ್ಟೂ ಸರಾಸರಿ ಆರರತ್ತ ಸರಿಯುತ್ತದೆ.

2006ರಲ್ಲಿ ಮ್ಯಾಥ್ಯೂ ಗಿಬ್ಸನ್, ಅಂಕಿತ್ ಪಟೇಲ್, ರಾಧಿಕಾ ನಾಗ್ಪಾಲ್, ನಾರ್ಬರ್ಟ್ ಪೆರಿಮನ್ ಇದನ್ನು ಗಣಿತದಲ್ಲಿ ಮುಂದುವರಿಸಿದರು. ಕೋಶಗಳು ಜಾಗ ಬದಲಿಸದೆ ಒಡೆಯುತ್ತಾ ಹೋದರೆ ಷಡ್ಭುಜಗಳ ಪಾಲು ಸುಮಾರು ಶೇ 45ರಲ್ಲಿ ನೆಲೆಗೊಳ್ಳಬೇಕು. ಹಣ್ಣಿನ ನೊಣದ ಮರಿಹುಳುವಿನಲ್ಲಿ ರೆಕ್ಕೆಯಾಗಲಿರುವ ಪದರ, ಗೊದಮೊಟ್ಟೆಯ ಬಾಲದ ಚರ್ಮ, ಹೈಡ್ರಾ—ಮೂರರಲ್ಲೂ ಹೆಚ್ಚುಕಡಿಮೆ ಅದೇ ಹಂಚಿಕೆ ಕಂಡಿತು. ಆ ನೊಣ ನಮಗೂ ದೂರದ್ದಲ್ಲ: ಕೆಂಪಾಪುರದಿಂದ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆ ಹೊರಟರೆ ಸಿಗುವ ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಪ್ರಯೋಗಾಲಯಗಳಲ್ಲೂ ಅದನ್ನು ಸಾಕಿ ಅಭ್ಯಸಿಸುತ್ತಾರೆ.

ಸೌತೆಯ ಕೋಶಕ್ಕೆ ಗಟ್ಟಿ ಗೋಡೆಯುಂಟು, ನೊಣದ ಕೋಶಕ್ಕಿಲ್ಲ. ಆದರೂ ಒಡೆಯುವ ಲೆಕ್ಕ ಎರಡಕ್ಕೂ ಒಂದೇ. ಜೇನುಗೂಡಿನಲ್ಲಿ ಬಹುತೇಕ ಎಲ್ಲ ಖಾನೆಗಳೂ ಷಡ್ಭುಜ. ಬೆಳೆಯುವ ಅಂಗಾಂಶದಲ್ಲಿ ಅರ್ಧಕ್ಕಿಂತ ಕಡಿಮೆ. ಉಳಿದ ಐದು, ಏಳು ಬದಿಯ ಕೋಶಗಳು ದೋಷಗಳಲ್ಲ. ಅಲ್ಲಿ ಯಾರು ಒಡೆದರು, ಯಾರ ಪಕ್ಕದಲ್ಲಿ ಒಡೆದರು ಎಂಬುದರ ಗುರುತು ಅವು.