ಮುಂಬಯಿಯ ನಗರಸೇವಕ ಜಾರ್ಜ್ ಫರ್ನಾಂಡಿಸ್

ಹೊಟ್ಟೆಪಾಡಿಗಾಗಿ ಕನ್ನಡ ನಾಡನ್ನು ಬಿಟ್ಟು ಬಂದ ನಾವು ಈ ಸೀಮೆಯಲ್ಲಿ ಮನೆ ಮಾಡಿದೆವು, ಮಕ್ಕಳನ್ನು ಓದಿಸಿದೆವು. ಆದರೆ ಊರಿನ ಆಡಳಿತದಲ್ಲಿ ನಮಗೂ ಪಾಲುಂಟೆಂದು ನಮ್ಮಲ್ಲಿ ಎಷ್ಟು ಮಂದಿ ಬಗೆದಿದ್ದೇವೆ? ಈ ಪ್ರಶ್ನೆಗೆ ತಮ್ಮ ಬಾಳಿನಿಂದಲೇ ಉತ್ತರವಿತ್ತವರು ಮಂಗಳೂರಿನ ಜಾರ್ಜ್ ಫರ್ನಾಂಡಿಸರು.

ಅವರು ಹುಟ್ಟಿದ್ದು 1930ನೆಯ ಜೂನ್ 3ರಂದು. ಮನೆಮಾತು ಕೊಂಕಣಿ, ತುಳು, ಕನ್ನಡಗಳೂ ನಾಲಗೆಯ ಮೇಲೆ ಆಡುತ್ತಿದ್ದವು. ಪಾದ್ರಿಯಾಗಲೆಂದು ಹಿರಿಯರು ಬೆಂಗಳೂರಿನ ಸೆಮಿನರಿಗೆ ಕಳುಹಿಸಿದರು. ಅಲ್ಲಿ ಉಪದೇಶಕ್ಕೂ ನಡತೆಗೂ ಇದ್ದ ಅಂತರವನ್ನು ಕಂಡು ಬೇಸತ್ತು ಹೊರಬಿದ್ದರು. 1949ರಲ್ಲಿ ಮುಂಬಯಿಗೆ ಬಂದಾಗ ಚೌಪಾಟಿಯ ಬೆಂಚೇ ಹಾಸಿಗೆ. ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ದೊರೆಯಿತು. ಬಂದರು ಕೂಲಿಗಳ ಮುಂದಾಳು, ಮಂಗಳೂರಿನವರೇ ಆದ ಪ್ಲಾಸಿಡ್ ಡಿಮೆಲ್ಲೊ ಅವರ ಗರಡಿಯಲ್ಲಿ ಜಾರ್ಜರು ಪಳಗಿದರು. ಪೌರ ಕಾರ್ಮಿಕರು, ಬಸ್ಸಿನವರು, ಟ್ಯಾಕ್ಸಿಯವರು ಅವರ ಬಳಗವಾದರು.

ಆ ಬಳಗದ ಬಲದಿಂದಲೇ 1961ರಲ್ಲಿ ಮುಂಬಯಿ ಮಹಾನಗರಪಾಲಿಕೆಗೆ ಆರಿಸಿಬಂದರು. 1968ರ ವರೆಗೆ ಸದಸ್ಯರಾಗಿದ್ದರು. ಬೀದಿಯಲ್ಲಿ ದುಡಿಯುವವರ ಅಹವಾಲು ಸಭೆಯೊಳಗೆ ಕೇಳಿಸುವಂತಾಯಿತು.

ಈ ನಡುವೆ 1966ರಲ್ಲಿ ದಕ್ಷಿಣದವರ ವಿರುದ್ಧ ನಗರದಲ್ಲಿ ಕೂಗೆದ್ದಿತು. ಮರುವರ್ಷವೇ ಲೋಕಸಭಾ ಚುನಾವಣೆ. ಎದುರಾಳಿ ಹಿಂದೆ ಮುಂಬಯಿಯ ಮೇಯರರಾಗಿದ್ದ, ಆಗ ಕೇಂದ್ರ ರೈಲ್ವೆ ಮಂತ್ರಿಯಾಗಿದ್ದ ಎಸ್. ಕೆ. ಪಾಟೀಲರು. ದಕ್ಷಿಣ ಮುಂಬಯಿಯ ಮತದಾರರು ಆರಿಸಿದ್ದು ನಮ್ಮ ಕರಾವಳಿಯಿಂದ ಬಂದ ನಗರಸೇವಕನನ್ನು. ಹುಟ್ಟಿದೂರು ಯಾವುದೆಂದಲ್ಲ, ಕಷ್ಟಕಾಲದಲ್ಲಿ ಜೊತೆಗೆ ನಿಂತವರಾರೆಂದು ಅವರು ನೋಡಿದರು.

1974ರ ರೈಲ್ವೆ ಮುಷ್ಕರ, ತುರ್ತು ಪರಿಸ್ಥಿತಿಯ ಸೆರೆವಾಸ, 1977ರಲ್ಲಿ ಸೆರೆಯಲ್ಲಿದ್ದೇ ಮುಜಫರಪುರದಲ್ಲಿ ಪಡೆದ ಜಯ, ಇವೆಲ್ಲ ಸರ್ವವಿದಿತ. ಮುಂದೆ ಅವರು ಹಿಡಿದ ರಾಜಕೀಯ ಹಾದಿಯನ್ನು ಒಪ್ಪದವರು ಹಲವರು; ಆ ವಿಮರ್ಶೆಯೂ ಇತಿಹಾಸಕ್ಕೆ ಸೇರಿದ್ದೇ.

ಪಾಟೀಲರು ಕುಳಿತಿದ್ದ ರೈಲ್ವೆ ಮಂತ್ರಿಯ ಪೀಠ 1989ರಲ್ಲಿ ಅವರಿಗೇ ಬಂತು. 1990ರಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಅದರ ಪ್ರಧಾನ ಕಚೇರಿ ನಮ್ಮ ನೆರೆಯ ಬೇಲಾಪುರದಲ್ಲಿದೆ. 1998ರಲ್ಲಿ ಮಾರ್ಗವೆಲ್ಲ ತೆರೆಯಿತು. ರೈಲ್ವೆಯ ಲೆಕ್ಕದಂತೆ 41 ಗಂಟೆಗಳಿದ್ದ ಮುಂಬಯಿ–ಮಂಗಳೂರು ಪಯಣ 15 ಗಂಟೆಗಿಳಿಯಿತು. ನೌಪಾಡಾದ ಮನೆಗಳಿಂದ ಕೂಗಳತೆಯ ಠಾಣೆ ನಿಲ್ದಾಣದಲ್ಲಿ ಊರಿನ ಗಾಡಿ ಹತ್ತುವವರು ಈ ಉಪಕಾರವನ್ನು ಬಲ್ಲರು.

2019ನೆಯ ಜನವರಿ 29ರಂದು ಜಾರ್ಜರು ತೀರಿಕೊಂಡರು. ನೆಲೆಸಿದ ನಗರಕ್ಕಾಗಿ ದುಡಿಯುವುದರಿಂದ ತಾಯ್ನಾಡಿನ ಪ್ರೀತಿ ಕುಂದದು. ರಾಜ್ಯೋತ್ಸವದ ದೀಪ ಹಚ್ಚುವ ನಮ್ಮ ತರುಣರು ತಮ್ಮ ವಾರ್ಡಿನ ನೀರು, ರಸ್ತೆ, ಶಾಲೆಗಳ ಕಡೆಗೂ ಗಮನವಿತ್ತರೆ ಅದೂ ಕನ್ನಡದ ಕೆಲಸವೇ ಸರಿ.