ಮೂರು ಮಿಷನ್ನುಗಳ ಗಡಿಸೀಮೆ: ಪ್ರಾಟೆಸ್ಟೆಂಟ್ ಪರಂಪರೆ ಮತ್ತು ಸಭೈಕ್ಯದ ಪ್ರಶ್ನೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ದಾವಣಗೆರೆ ಜಿಲ್ಲೆಯವು. 1997ಕ್ಕೆ ಮೊದಲು ಜಗಳೂರು ಚಿತ್ರದುರ್ಗಕ್ಕೆ, ಉಳಿದ ಸೀಮೆ ಶಿವಮೊಗ್ಗಕ್ಕೆ ಸೇರಿತ್ತು. ನ್ಯಾಮತಿ ಆಗಿನ್ನೂ ಹೊನ್ನಾಳಿಯ ಹೋಬಳಿ. ಸಭಾಚರಿತ್ರೆಗೆ ಇದಕ್ಕೂ ಹಳೆಯ ಗಡಿಗಳು ಮುಖ್ಯ. ಈ ಸೀಮೆಯೆಲ್ಲ ಮೈಸೂರು ಸಂಸ್ಥಾನ. ಅಲ್ಲಿ ಮೆಥಡಿಸ್ಟರ ವೆಸ್ಲಿಯನ್ ಮಿಷನ್ನಿನ ಕೆಲಸ. ಹೊನ್ನಾಳಿಯಿಂದ ರಾಣೆಬೆನ್ನೂರಿನ ಕಡೆಗೆ ಹೋದರೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ, ಬಾಸೆಲ್ ಮಿಷನ್ನಿನ ಕ್ಷೇತ್ರ. ಜಗಳೂರಿನಿಂದ ಕೂಡ್ಲಿಗಿಯ ಕಡೆಗೆ ಹೊರಳಿದರೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನೆಲೆಯೂರಿದ್ದು ಬಳ್ಳಾರಿಯಲ್ಲೇ.

ಒಬ್ಬರ ಕ್ಷೇತ್ರಕ್ಕೆ ಇನ್ನೊಬ್ಬರು ಕೈಹಾಕಬಾರದೆಂಬುದು ಮಿಷನ್ನುಗಳ ಒಡಂಬಡಿಕೆ. ಹೀಗಾಗಿ ಇಲ್ಲಿ ವಿಶ್ವಾಸಿಯೊಬ್ಬ ವೆಸ್ಲಿಯ ಪಂಥದವನೋ ಬಾಸೆಲ್ಲಿನವನೋ ಎಂಬುದನ್ನು ತೀರ್ಮಾನಿಸಿದ್ದು ದೈವಶಾಸ್ತ್ರವಲ್ಲ, ಊರು ಯಾವ ಸರಕಾರದ ಗಡಿಯೊಳಗಿತ್ತೆಂಬುದು. ಯೂರೋಪಿನ ಜಗಳಗಳು ಇಲ್ಲಿಯವರ ಜಗಳಗಳಾಗಿರಲಿಲ್ಲ. ಐಕ್ಯದ ಆಸೆ ಇಂಥ ನೆಲದಲ್ಲಿ ಮೊಳೆತದ್ದು ಸಹಜವೆಂದೇ ನನ್ನ ಎಣಿಕೆ.

ಐಕ್ಯಕ್ಕೆ ಮೊದಲೇ ಗ್ರಂಥವೊಂದು ಈ ಗಡಿಗಳನ್ನು ದಾಟಿತ್ತು. ಹ್ಯಾಂಡ್ಸ್ ಕೈಗೊಂಡ ಕನ್ನಡ ಬೈಬಲ್ ಅನುವಾದ 1831ರ ಹೊತ್ತಿಗೆ ಪೂರ್ಣವಾಗಿ ಅಚ್ಚಾಯಿತು. ಮುಂದೆ ಅದನ್ನು ತಿದ್ದುವ ಕೆಲಸದಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮುಂದಾಳಾದರು. ಒಂದು ಮಿಷನ್ನಿನ ಮಾತನ್ನು ಇನ್ನೊಂದು ಮಿಷನ್ ತನ್ನದೆಂದೇ ತಿದ್ದಿತು.

1919ರಲ್ಲಿ ತರಂಗಂಬಾಡಿಯಲ್ಲಿ ಬಿಷಪ್ ವಿ.ಎಸ್. ಅಜರಯ್ಯ ಮೊದಲಾದವರು ಹೊರಡಿಸಿದ ಸಭೈಕ್ಯದ ಘೋಷಣೆ 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ಲಿನಲ್ಲಿ ಫಲಿಸಿತು. ಅದನ್ನು ನೋಡಲು ಅಜರಯ್ಯ ಉಳಿದಿರಲಿಲ್ಲ. 1945ರ ಜನವರಿ 1ರಂದೇ ತೀರಿಕೊಂಡಿದ್ದರು. ಆಂಗ್ಲಿಕನ್, ಮೆಥಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೀರಿಯನ್ ಪರಂಪರೆಗಳು ಕೂಡಿ ದಕ್ಷಿಣ ಭಾರತ ಸಭೆಯಾದವು. ಬಿಷಪ್ಪರೇ ಇಲ್ಲದ ಮೆಥಡಿಸ್ಟ್ ಪರಂಪರೆಯಿಂದ ಬಂದ ಪಿ. ಗುರುಶಾಂತ ಮೈಸೂರು ಡಯಾಸಿಸ್ಸಿನ ಮೊದಲ ಬಿಷಪ್ಪರಾದರು. ಅಂದು ಸೇವೆಯಲ್ಲಿದ್ದ ಸಭಾಪಾಲಕರ ತಲೆಯ ಮೇಲೆ ಬಿಷಪ್ಪರು ಮತ್ತೆ ಕೈಯಿಟ್ಟು ಅಭಿಷೇಕಿಸಬೇಕೆಂದು ಹೊಸ ಸಭೆ ಕೇಳಲಿಲ್ಲ. ಮುಂದೆ ಬರುವವರಿಗೆ ಮಾತ್ರ ಬಿಷಪ್ಪರ ಹಸ್ತನಿಕ್ಷೇಪ. ಅವರವರ ಸೇವೆಯಲ್ಲಿ ದೇವರ ಕೃಪೆ ಕೆಲಸಮಾಡಿತ್ತೆಂದು ಪರಸ್ಪರ ಒಪ್ಪಿಕೊಂಡ ಈ ಧೈರ್ಯ ಪ್ರಾಟೆಸ್ಟೆಂಟ್ ದೈವಶಾಸ್ತ್ರದ ತಿರುಳಿನಿಂದಲೇ ಬಂದದ್ದು. ನಂಬಿಕೆಯಿಂದಲೇ ನೀತಿವಂತಿಕೆ ಎಂಬ ಲೂಥರನ ಬೋಧೆಯನ್ನು ಬೇರ್ಪಡಿಸಲು ಬಳಸಿದಷ್ಟೇ ಕೂಡಿಸಲೂ ಬಳಸಬಹುದು.

ರೋಮನ್ ಕಥೋಲಿಕರೊಂದಿಗಿನ ಪ್ರಶ್ನೆ ಇದಕ್ಕಿಂತ ಕಠಿಣ. ನೀತಿವಂತಿಕೆಯ ಈ ಬೋಧೆಯ ಬಗ್ಗೆ 1999ರಲ್ಲಿ ಲೂಥರನ್ನರೂ ಕಥೋಲಿಕರೂ ಆಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿಹಾಕಿದರು. 2006ರಲ್ಲಿ ಸಿಯೋಲಿನಲ್ಲಿ ವಿಶ್ವ ಮೆಥಡಿಸ್ಟ್ ಪರಿಷತ್ತೂ ಸಹಿಹಾಕಿ ಸೇರಿಕೊಂಡಿತು. ದಕ್ಷಿಣ ಭಾರತ ಸಭೆ ಆ ಪರಿಷತ್ತಿನ ಸದಸ್ಯಸಭೆ. ಆದ್ದರಿಂದ ಸಿಯೋಲಿನಲ್ಲಿ ಬಿದ್ದ ಸಹಿ ವೆಸ್ಲಿಯ ಪರಂಪರೆಯ ಈ ಸೀಮೆಗೂ ಸಂಬಂಧಿಸಿದ್ದು.

ಆದರೂ ಭಾನುವಾರ ಪ್ರಾಟೆಸ್ಟೆಂಟರು ಆರಾಧನೆಗೆ ಹೋಗುತ್ತಾರೆ, ಕಥೋಲಿಕರು ಪೂಜೆಗೆ. ಒಬ್ಬರ ಸಭೆ ಇನ್ನೊಬ್ಬರಿಗೆ ಧರ್ಮಸಭೆ. ಹಳೆಯ ಸತ್ಯವೇದದಲ್ಲಿ 23ನೆಯ ಕೀರ್ತನೆ ತೆರೆದರೆ ಕುರುಬನಾಗಿ ನಿಂತಿರುವವನು ಯೆಹೋವ. ಸರಳ ಕನ್ನಡದ ಹೊಸ ಅನುವಾದದಲ್ಲಿ ಅದೇ ಸ್ಥಾನದಲ್ಲಿ ದೇವರಿಗೆ ಬೇರೆ ಹೆಸರು. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಜೊತೆಯಾಗಿ ಓದುವುದು ಇಂದೇ ಸಾಧ್ಯ. ರೊಟ್ಟಿಯನ್ನೂ ಪಾತ್ರೆಯನ್ನೂ ಜೊತೆಯಾಗಿ ಎತ್ತುವುದಕ್ಕೆ ಅಭಿಷೇಕದ ಆ ಹಳೆಯ ಪ್ರಶ್ನೆ ಇನ್ನೂ ಅಡ್ಡ ನಿಂತಿದೆ.