ಹೆಸರುಗಳ ಹಿಂದಿನ ಮಗು

ಒಂದು ಕಡೆ ಕೂರದ ಮಗುವನ್ನು ಕರೆಯಲು ನಮ್ಮಲ್ಲಿ ಹೆಸರುಗಳಿಗೆ ಬರವಿಲ್ಲ. ತುಂಟ, ಕಪಿ, ಕಾಲಲ್ಲಿ ಚಕ್ರ ಇರುವವನು. ಹೇಳಿದ್ದನ್ನು ಮರೆತರೆ ಮರೆಗುಳಿ, ಕಿಟಕಿಯಾಚೆ ನೋಡುತ್ತ ಕುಳಿತರೆ ಸೋಮಾರಿ. ಮುಂಬೈಗೆ ಬಂದ ಮೇಲೆ ‘ಮಸ್ತಿಖೋರ್’ ಕೂಡ ಸೇರಿಕೊಂಡಿತು. ಈಗ ವೈದ್ಯರು ಬರೆದುಕೊಡುವ ಹೆಸರು ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ. ಇದು ಮೊಬೈಲ್ ಕಾಲದ ಕಾಯಿಲೆ, ನಮ್ಮ ಕಾಲದಲ್ಲಿ ಎಲ್ಲಿತ್ತು ಎನ್ನುವವರು ಬಹಳ. ಇದರ ಚರಿತ್ರೆಯನ್ನು ಹಿಡಿದು ಹಿಂದೆ ಹೋದಾಗ ನನಗೆ ಕಂಡದ್ದು ಎರಡು ಸಂಗತಿ. ಹೆಸರುಗಳಷ್ಟೇ ಹೊಸವು, ಮಗು ಹಳೆಯದು. ಮತ್ತು ಆ ಹೆಸರುಗಳಲ್ಲಿ ಹೆಚ್ಚಿನವು ಮಗುವಿನಿಂದ ದೊಡ್ಡವರಿಗಾಗುವ ಕಷ್ಟವನ್ನು ಹೇಳುತ್ತವೆ. ಮಗುವಿಗೆ ಏನಾಗುತ್ತಿದೆ ಎಂಬುದನ್ನು ಹೇಳುವುದು ಕಡಿಮೆ.

1798ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಅಲೆಗ್ಸಾಂಡರ್ ಕ್ರೈಟನ್ ಮನೋವಿಕಾರಗಳ ಕುರಿತ ತಮ್ಮ ಪುಸ್ತಕದಲ್ಲಿ ಗಮನಕ್ಕೆಂದೇ ಒಂದು ಅಧ್ಯಾಯ ಬರೆದರು. ಗಮನ ನಿಲ್ಲದಿರುವುದು ಹುಟ್ಟಿನಿಂದಲೇ ಬರಬಹುದು, ವಯಸ್ಸಾದಂತೆ ಕಡಿಮೆಯಾಗುವುದೂ ಉಂಟು ಎಂದರು. ನನ್ನನ್ನು ತಡೆದು ನಿಲ್ಲಿಸಿದ್ದು ಮುಂದಿನ ವಿವರ. ಬಾಗಿಲ ಸದ್ದು, ಬೆಳಕಿನ ಹೆಚ್ಚುಕಡಿಮೆ, ನಾಯಿಯ ಬೊಗಳು, ಉಳಿದವರು ಲೆಕ್ಕಕ್ಕೇ ತೆಗೆದುಕೊಳ್ಳದ ಇಂಥವೆಲ್ಲ ಈ ಜನರನ್ನು ಕಲಕಿಬಿಡುತ್ತವೆ ಎಂದು ಅವರು ದಾಖಲಿಸಿದ್ದಾರೆ. ಈ ಚಡಪಡಿಕೆಗೆ ಅನುಭವಿಸುವವರೇ ಇಟ್ಟುಕೊಂಡಿದ್ದ ಹೆಸರನ್ನೂ ಬರೆದಿಟ್ಟರು: ‘ಫಿಜೆಟ್ಸ್’. ಅಂದರೆ ಮೊದಲು ಬರೆದ ವೈದ್ಯರಲ್ಲೇ ಒಬ್ಬರು ಒಳಗಿನಿಂದ ನೋಡಲು ಪ್ರಯತ್ನಿಸಿದ್ದರು.

ಡೊಂಬಿವಲಿಯಲ್ಲಿ ನನ್ನ ಬಳಿ ಸಂಜೆ ಲೆಕ್ಕ ಕಲಿಯಲು ಬರುವ ಒಂಬತ್ತು ವರ್ಷದ ಹುಡುಗ ಇದನ್ನೇ ತನ್ನ ಮಾತಿನಲ್ಲಿ ಹೇಳಿದ್ದ. “ಯಾಕೋ ಮರೀ, ನಾನು ಹೇಳಿದ್ದು ಕೇಳಿಸ್ತಾ ಇಲ್ವಾ?” ಎಂದೆ. “ಕೇಳಿಸ್ತದೆ ಟೀಚರ್. ಫ್ಯಾನೂ ಕೇಳಿಸ್ತದೆ, ಪಕ್ಕದ ಮನೆ ಕುಕ್ಕರೂ ಕೇಳಿಸ್ತದೆ, ಲೋಕಲ್ಲೂ ಕೇಳಿಸ್ತದೆ” ಎಂದ. ಬೇಕಾದ ಒಂದನ್ನು ಹಿಡಿದು ಉಳಿದದ್ದನ್ನು ಬಿಡುವುದು ಅವನಿಗೆ ಕಷ್ಟ. ಅದೇ ಹುಡುಗ ಕೇರಂ ಹಲಗೆಯ ಮುಂದೆ ಒಂದು ಗಂಟೆ ಅಲ್ಲಾಡದೆ ಕೂರುತ್ತಾನೆ. ಅದನ್ನು ಕಂಡವರು “ಮನಸ್ಸು ಮಾಡಿದ್ರೆ ಆಗ್ತದಲ್ಲ” ಎಂದು ಇನ್ನಷ್ಟು ಬೈಯುತ್ತಾರೆ. ಮೆಚ್ಚಿದ ಕೆಲಸದಲ್ಲಿ ಮುಳುಗುವುದು, ಬೇಸರದ ಕೆಲಸದಲ್ಲಿ ಎಷ್ಟು ಯತ್ನಿಸಿದರೂ ನಿಲ್ಲಲಾಗದಿರುವುದು ಇಂಥ ಮಕ್ಕಳಲ್ಲಿ ಒಟ್ಟೊಟ್ಟಿಗೇ ಇರುತ್ತವೆ.

ಕ್ರೈಟನ್ನರ ನಂತರ ನೋಟ ಹೊರಗಿನದಾಯಿತು. ಫ್ರಾಂಕ್‌ಫರ್ಟಿನ ವೈದ್ಯ ಹೈನ್‌ರಿಶ್ ಹಾಫ್‌ಮನ್ 1844ರ ಕ್ರಿಸ್‌ಮಸ್‌ಗೆ ತಮ್ಮ ಪುಟ್ಟ ಮಗನಿಗಾಗಿ ಚಿತ್ರಪದ್ಯಗಳ ಪುಸ್ತಕವೊಂದನ್ನು ಮಾಡಿಕೊಟ್ಟರು. ಅದು ಅಚ್ಚಾಗಿ ಬೆಳೆಯುತ್ತ ಹೋದಂತೆ ಫಿಲಿಪ್ ಎಂಬ ಹುಡುಗನೂ ಅದರಲ್ಲಿ ನೆಲೆಸಿದ. ಊಟದ ಮೇಜಿನ ಮುಂದೆ ತೂಗಾಡಿ ತೂಗಾಡಿ ಮೇಜುಬಟ್ಟೆಯ ಸಮೇತ ಕೆಳಗೆ ಬೀಳುವವನು ಅವನು. ಓದುವವರಿಗೆ ನಗು, ಅಪ್ಪನಿಗೆ ಸಿಟ್ಟು. ಫಿಲಿಪ್‌ಗೆ ಏನನ್ನಿಸಿತು ಎಂಬುದು ಅಲ್ಲಿಲ್ಲ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತಮ್ಮ ಉಪನ್ಯಾಸಗಳಲ್ಲಿ 20 ಮಕ್ಕಳ ಕಥೆ ಮುಂದಿಟ್ಟರು: 15 ಹುಡುಗರು, 5 ಹುಡುಗಿಯರು. ಬುದ್ಧಿಗೆ ಕೊರತೆಯಿಲ್ಲ, ಆದರೆ ಬೇಕೆಂದದ್ದು ಆ ಕ್ಷಣವೇ ಬೇಕು. ಶಿಕ್ಷೆಯಿಂದ ಪಾಠ ಕಲಿಯುವುದಿಲ್ಲ. ಕಾರಣ ದೇಹದಲ್ಲೇ ಇರಬಹುದು ಎಂದು ಊಹಿಸಿದ್ದು ಸ್ಟಿಲ್ ಅವರ ಹೆಚ್ಚುಗಾರಿಕೆ. ಆದರೆ ಕೊಟ್ಟ ಹೆಸರು ‘ನೈತಿಕ ನಿಯಂತ್ರಣದ ದೋಷ’. ಆ ಒಂದು ಪದದಿಂದ ಮಗು ಕಟಕಟೆಯಲ್ಲಿ ನಿಂತಂತಾಯಿತು. ಮೊದಲ ಮಹಾಯುದ್ಧದ ಸುಮಾರಿಗೆ ಹರಡಿದ ಮಿದುಳಿನ ಉರಿಯೂತದಿಂದ ಬದುಕುಳಿದ ಹಲವು ಮಕ್ಕಳು ವಿಪರೀತ ಚಡಪಡಿಸತೊಡಗಿದಾಗ, ಮಾತು ನೀತಿಯಿಂದ ಮಿದುಳಿಗೆ ಹೊರಳಿತು. ಅದರ ಬೆನ್ನಿಗೇ ಇನ್ನೊಂದು ಭಾರದ ಹೆಸರು ಬಂತು: ‘ಮಿದುಳಿನ ಅಲ್ಪ ಹಾನಿ’. ಯಾವ ಹಾನಿಯೂ ಕಾಣದ ಮಕ್ಕಳಿಗೂ ಅದನ್ನೇ ಅಂಟಿಸಿದರು.

ಈ ಚರಿತ್ರೆಯ ದೊಡ್ಡ ತಿರುವು ಆಕಸ್ಮಿಕ. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಜಾರ್ಜ್ ಬ್ರ್ಯಾಡ್ಲಿ ಎಂಬ ಶ್ರೀಮಂತರು, ಮಿದುಳಿನ ಉರಿಯೂತದಿಂದ ನಲುಗಿದ ಮಗಳು ಎಮ್ಮಾಳ ನೆನಪಿಗೆ ಮಕ್ಕಳ ಆಸ್ಪತ್ರೆಯೊಂದಕ್ಕೆ ಆಸ್ತಿ ಬಿಟ್ಟುಹೋಗಿದ್ದರು. 1931ರಲ್ಲಿ ಅದು ತೆರೆಯಿತು. ಅಲ್ಲಿ ಮಿದುಳಿನ ಎಕ್ಸ್‌ರೇಗಾಗಿ ಬೆನ್ನುಹುರಿಯ ದ್ರವ ತೆಗೆದಾಗ ಮಕ್ಕಳಿಗೆ ವಿಪರೀತ ತಲೆನೋವು ಬರುತ್ತಿತ್ತು. ಅದಕ್ಕೆಂದು ವೈದ್ಯ ಚಾರ್ಲ್ಸ್ ಬ್ರ್ಯಾಡ್ಲಿ ಬೆಂಜೆಡ್ರಿನ್ ಎಂಬ ಉತ್ತೇಜಕ ಕೊಟ್ಟು ನೋಡಿದರು. ತಲೆನೋವಿಗೆ ಹೆಚ್ಚೇನೂ ಪ್ರಯೋಜನವಾಗಲಿಲ್ಲ. ತರಗತಿಯಲ್ಲಿ ಕೆಲವರು ಬೇರೆಯೇ ಮಕ್ಕಳಾದರು. 1937ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 30 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಓದಿನಲ್ಲಿ ಕಣ್ಣಿಗೆ ಕಾಣುವ ಬದಲಾವಣೆ ಇತ್ತು. ಮಕ್ಕಳೇ ಆ ಔಷಧಿಗೆ ಹೆಸರಿಟ್ಟರು: ‘ಲೆಕ್ಕದ ಗುಳಿಗೆ’. ಇಡೀ ಚರಿತ್ರೆಯಲ್ಲಿ ನನಗೆ ಬಹಳ ಪ್ರಿಯವಾದ ಹೆಸರಿದು. ತಮಗೆ ಏನು ಬೇಕಿತ್ತೆಂದು ಮಕ್ಕಳಿಗೆ ಗೊತ್ತಿತ್ತು. ಲೆಕ್ಕ ಮಾಡಬೇಕೆಂಬ ಆಸೆ ಮೊದಲೇ ಇತ್ತು, ಕೈಗೂಡುತ್ತಿರಲಿಲ್ಲ.

ಚಡಪಡಿಸುವವನನ್ನು ಉತ್ತೇಜಕ ಹೇಗೆ ನೆಲೆಗೊಳಿಸುತ್ತದೆ? ನಮ್ಮನ್ನು ತಡೆದು, ಕಾಯಿಸಿ, ದಾರಿ ತೋರಿಸುವ ಮಿದುಳಿನ ಮುಂಭಾಗ ಕೆಲಸ ಮಾಡಲು ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಕು. ಔಷಧಿ ಅವುಗಳ ಒದಗಣೆಯನ್ನು ಹೆಚ್ಚಿಸುತ್ತದೆ. ಬಲಗೊಳ್ಳುವುದು ಬ್ರೇಕು. ಎಲ್ಲ ಮಕ್ಕಳಿಗೂ ಔಷಧಿ ಬೇಕೆಂದಿಲ್ಲ. ಕೊಡುವ ನಿರ್ಧಾರ ತಜ್ಞರದು. ಆದರೆ ಎರಡು ಏಟು ಕೊಟ್ಟರೆ ಬ್ರೇಕು ಹಿಡಿಯುವುದಿಲ್ಲ.

1968ರ ಅಮೆರಿಕನ್ ಕೈಪಿಡಿಯಲ್ಲಿ ಇದು ಬಾಲ್ಯದ ಅತಿಚಲನೆ. ಮಾಂಟ್ರಿಯಲ್‌ನ ಮನಶ್ಶಾಸ್ತ್ರಜ್ಞೆ ವರ್ಜೀನಿಯಾ ಡಗ್ಲಸ್ 1972ರಲ್ಲಿ, ಓಡಾಟಕ್ಕಿಂತ ದೊಡ್ಡ ಕಷ್ಟ ಗಮನ ಹಿಡಿಯುವುದರಲ್ಲಿ, ತಡೆದುಕೊಳ್ಳುವುದರಲ್ಲಿ ಇದೆ ಎಂದು ವಾದಿಸಿದರು. 1980ರಲ್ಲಿ ಹೆಸರೊಳಗೆ ಗಮನ ಬಂತು, 1987ರಲ್ಲಿ ಈಗಿನ ಎಡಿಎಚ್‌ಡಿ. ಇದರಿಂದ ಗದ್ದಲವಿಲ್ಲದೆ ಹಿಂದಿನ ಬೆಂಚಿನಲ್ಲಿ ಕನಸು ಕಾಣುತ್ತ ಕುಳಿತ ಮಕ್ಕಳೂ, ಮುಖ್ಯವಾಗಿ ಹುಡುಗಿಯರು, ಕಣ್ಣಿಗೆ ಬೀಳುವಂತಾದರು. ಯಾರಿಗೂ ತೊಂದರೆ ಕೊಡದ ಕಾರಣಕ್ಕೇ ಅವರು ಅಲ್ಲಿಯವರೆಗೆ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

2007ರಲ್ಲಿ ಫಿಲಿಪ್ ಶಾ ಮತ್ತು ಸಂಗಡಿಗರು ಅಮೆರಿಕದಲ್ಲಿ ಮಕ್ಕಳ ಮಿದುಳಿನ ಸ್ಕ್ಯಾನ್‌ಗಳನ್ನು ಹೋಲಿಸಿದರು. ಮಿದುಳಿನ ಹೊರಪದರ ತನ್ನ ಗರಿಷ್ಠ ದಪ್ಪ ತಲುಪುವುದು ಇತರ ಮಕ್ಕಳಲ್ಲಿ ಸುಮಾರು ಏಳೂವರೆ ವರ್ಷಕ್ಕೆ, ಎಡಿಎಚ್‌ಡಿ ಇರುವವರಲ್ಲಿ ಸುಮಾರು ಹತ್ತೂವರೆಗೆ. ದಾರಿ ಅದೇ, ಹೊತ್ತು ಹೆಚ್ಚು. ಇದು ಸರಾಸರಿಯ ಮಾತು. ದೊಡ್ಡವರಾದ ಮೇಲೂ ತೊಂದರೆ ಉಳಿಯುವವರಿದ್ದಾರೆ. ಆದರೂ “ನಿನ್ನ ವಯಸ್ಸಿನವರೆಲ್ಲ ಮಾಡ್ತಾರಲ್ಲ” ಎನ್ನುವ ಮುನ್ನ ನೆನೆಯಬೇಕಾದ ಅಂಕಿಗಳಿವು.

ಹೊರನಾಡಿನ ನಮಗೆ ಇನ್ನೊಂದು ಕಷ್ಟ ಇದೆ. ನನ್ನ ವಿದ್ಯಾರ್ಥಿಯ ತಾಯಿಗೆ ಶಾಲೆಯಲ್ಲಿ ಸಿಕ್ಕ ಮೊದಲ ಸಲಹೆ, ಮನೆಯಲ್ಲಿ ಕನ್ನಡ ನಿಲ್ಲಿಸಿ, ಭಾಷೆಗಳ ಗೊಂದಲ ಎಂದು. ಹಲವು ಭಾಷೆ ಆಡುವುದರಿಂದ ಎಡಿಎಚ್‌ಡಿ ಬರುವುದಿಲ್ಲ. ಅವಳಿಗಳ ಅಧ್ಯಯನಗಳು ಅನುವಂಶೀಯತೆಯ ಪಾಲು ದೊಡ್ಡದೆಂದು ತೋರಿಸಿವೆ. ಅಜ್ಜಿಯ ಜೊತೆ ಆಡುವ ಮಾತನ್ನೂ ಕಿತ್ತುಕೊಂಡರೆ ಮಗು ಇನ್ನಷ್ಟು ಒಂಟಿಯಾಗುತ್ತದೆ. ಕಾನೂನಿನ ಆಸರೆಯೂ ತೆಳು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ತೊಂದರೆಗಳ ಪಟ್ಟಿಯಲ್ಲಿ ಕಲಿಕೆಯ ನಿರ್ದಿಷ್ಟ ನ್ಯೂನತೆ ಇದೆ, ಆಟಿಸಂ ಇದೆ, ಎಡಿಎಚ್‌ಡಿಯ ಹೆಸರಿಲ್ಲ.

1969ರಲ್ಲಿ ಕೀತ್ ಕಾನರ್ಸ್ ಶಿಕ್ಷಕರಿಗಾಗಿ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಇಂದಿಗೂ ಚಿಕ್ಕ ಮಕ್ಕಳ ತಪಾಸಣೆಯಲ್ಲಿ ಅಂಥ ಹಾಳೆಗಳನ್ನು ತುಂಬುವವರು ಅಪ್ಪ, ಅಮ್ಮ, ಟೀಚರ್. ಎಷ್ಟು ಸಲ ಎದ್ದ, ಎಷ್ಟು ಸಲ ಅಡ್ಡ ಮಾತಾಡಿದ ಎಂದು ನಾನೂ ಗುರುತು ಹಾಕಿಕೊಟ್ಟಿದ್ದೇನೆ. ಅವು ಬೇಕು. ಈಗ ನಾನು ಹಾಳೆಯ ಕೊನೆಯಲ್ಲಿ ಖಾಲಿ ಉಳಿಯುವ ಜಾಗದಲ್ಲಿ ಆ ವಾರ ಮಗು ಆಡಿದ ಒಂದು ಮಾತನ್ನು, ಅದು ಹೇಳಿದ ಹಾಗೇ, ಬರೆದು ಕಳಿಸುತ್ತೇನೆ.